ಓಣಿ ತುದೀಗೆ ಇಟ್ಟ ಫೋನು

ಹೋದ ಸಲ ಉಪ್ಪಿನಕಾಯಿ ಭರಣಿ ಬಗ್ಗೆ ಬರದಿದ್ದೆ, ಈ ಸಲ ಫೋನಿನ ಬಗ್ಗೆ ಬರೀತೀನಿ. "ಮತ್ತ ಅದೇ ಪುರಾಣ, ಮಕ್ಕಳು ಮೊಬೈಲ್ ಬಿಡವೊಲ್ಲವು ಅಂತ ಅಳೋದು" ಅಂತ ಮುಖಾ ತಿರಗಸಬ್ಯಾಡ್ರಿ. ಇವತ್ತ ನಾ ಹೇಳೋದು ನೂರು ವರ್ಷಕ್ಕೂ ಹಿಂದಿನ ಕಥಿ. ಫೋನನ್ನ ಗ್ವಾಡಿಗೆ ಮೊಳಿ ಹೊಡದು ತೂಗ ಹಾಕ್ತಿದ್ದ ಕಾಲದಾಗ ಒಂದು ಸಮಾಜದವರು ಕೂತು ಮಾತಾಡಿ, "ಈ ಸಾಮಾನು ನಮ್ಮ ಮನಿ ಒಳಗ ಬ್ಯಾಡ" ಅಂತ ಹೊರಗ ಇಟ್ಟರು. ಒಗೀಲಿಲ್ಲ, ಹೊರಗ ಇಟ್ಟರು. ಒಗಿಯೋದಕ್ಕೂ ಹೊರಗ ಇಡೋದಕ್ಕೂ ಭಾಳ ಫರಕ್ ಅದ. ಅದನ್ನೇ ಇವತ್ತ ನಿಮ್ಮ ಮುಂದ ಹೇಳಬೇಕಾಗೇದ.

ಆ ಜನರಿಗೆ ಆಮಿಶ್ ಅಂತಾರ. ಅಮೆರಿಕಾದ ಪೆನ್ಸಿಲ್ವೇನಿಯಾ ರಾಜ್ಯದ ಲ್ಯಾಂಕಾಸ್ಟರ್ ಕಡೆ ಭಾಳ ಮಂದಿ ಇದ್ದಾರ. ನನ್ನ ತಂಗಿ ಮಗಳು ಆ ಕಡೆ ಇರ್ತಾಳ. ಒಮ್ಮೆ ಒಂದು ಫೋಟೋ ಕಳಿಸಿದ್ಲು. ಹೊಲದ ಬದುವಿನ ಮ್ಯಾಲೆ ಕಟಗೀದು ಒಂದು ಸಣ್ಣ ಗುಡಸಲಾ, ಒಬ್ಬರು ನಿಂದರೋವಷ್ಟೇ ಜಾಗಾ. ನಾನು "ಏನವಾ ಇದು, ಹಳೇ ಕಾಲದ ಪಾಯಖಾನಿ ಕಂಡಂಗ ಕಾಣಸ್ತದ" ಅಂದೆ. ಅಕಿ ನಕ್ಕಳು. "ಮಾಂಶಿ, ಅದು ಫೋನಿನ ಗುಡಸಲಾ" ಅಂದ್ಲು. ಅಲ್ಲಿಂದ ನನಗ ಹುಳಾ ಹೊಕ್ಕಿತು. ಅಕಿ ಕಡೆ ಕೇಳಿ, ಸಿಕ್ಕದ್ದು ಓದಿ, ತಿಳಕೊಂಡದ್ದನ್ನ ಬರೀಲಿಕ್ಹತ್ತೀನಿ.

ಆಮಿಶ್ ಅಂದ್ರ ಕ್ರೈಸ್ತರಾಗಿನ ಒಂದು ಪಂಗಡ. 1693ರಾಗ ಸ್ವಿಟ್ಜರ್‌ಲ್ಯಾಂಡ್, ಅಲ್ಸೇಸ್ ಕಡೆ ಯಾಕೋಬ್ ಅಮ್ಮಾನ್ ಅನ್ನೋ ಹಿರಿಯನ ಹಿಂದ ಒಂದು ಗುಂಪು ಬ್ಯಾರೆ ಆತು. ಅವನ ಹೆಸರಿನಿಂದನ ಇವರು ಆಮಿಶ್ ಆದ್ರು. ಧರ್ಮದ ಸಲುವಾಗಿ ಅಲ್ಲಿ ಭಾಳ ಕಾಟಾ ಆಗಿ, 1700ರ ನಂತರ ಹಡಗಾ ಹತ್ತಿ ಅಮೆರಿಕಾಕ್ಕ ಬಂದ್ರು. ಇವತ್ತ ಅವರು ಸುಮಾರು 4 ಲಕ್ಷ ಮಂದಿ ಇದ್ದಾರ. ಕುದರಿ ಗಾಡಿ ಹೊಡೀತಾರ, ಕಾರು ಇಟಗೊಳ್ಳಂಗಿಲ್ಲ, ಕಂಬದಿಂದ ಮನಿಗೆ ಕರೆಂಟ್ ಎಳಸಂಗಿಲ್ಲ. ಮನ್ಯಾಗ ಜರ್ಮನ್ನಿನ ಒಂದು ಮನಿಮಾತು ಆಡ್ತಾರ, ಹೊರಗಿನವರ ಜೋಡಿ ಇಂಗ್ಲಿಷು. ಮನ್ಯಾಗ ಒಂದು, ಶಾಳ್ಯಾಗ ಒಂದು, ನಮ್ಮಂಗನ.

ಅವರದು ಒಂದು ಪದ್ಧತಿ ಕೇಳಿದ್ರ ನಿಮಗ ಭಾಳ ಛಲೋ ಅನಸ್ತದ. ಅವರಿಗೆ ಚರ್ಚು ಅಂತ ಕಟ್ಟಡನ ಇಲ್ಲ. ಎರಡು ವಾರಕ್ಕೊಮ್ಮೆ ರವಿವಾರ ಯಾರದರ ಮನ್ಯಾಗ ಪ್ರಾರ್ಥನಾ. ಈ ಸಲ ನಿಮ್ಮನಿ, ಮುಂದಿನ ಸಲ ನಮ್ಮನಿ. ಕೂಡೋ ಬೆಂಚುಗಳನ್ನ ಒಂದು ಗಾಡ್ಯಾಗ ತುಂಬಿ ಮನಿಯಿಂದ ಮನಿಗೆ ಒಯ್ತಾರ. ಪ್ರಾರ್ಥನಾ ಮುಗದ ಮ್ಯಾಲೆ ಎಲ್ಲಾರಿಗೂ ಅಲ್ಲೇ ಊಟಾ. ಆ ಮನಿ ಹೆಣ್ಣಮಕ್ಕಳಿಗೆ ವಾರಗಟ್ಟಲೆ ಮೊದಲ ತೊಳಿಯೋದು, ಬಳಿಯೋದು, ಬೇಯಿಸೋದು. ನಮ್ಮಲ್ಲಿ ಸಪ್ತಾಹ ಇಟಗೊಂಡ ಮನಿ ನೆನಪಾಗ್ತದ ನೋಡ್ರಿ. ಅಂದ್ರ ಅವರ ಸಮಾಜಾ ನಿಂತಿದ್ದು ಒಬ್ಬರ ಮನಿಗೆ ಒಬ್ಬರು ಹೋಗೋದ್ರ ಮ್ಯಾಲೆ. ಇದನ್ನ ತಲ್ಯಾಗ ಇಟಗೋರ್ರಿ, ಮುಂದ ಬೇಕಾಗ್ತದ.

ಇನ್ನ ಫೋನಿಗೆ ಬರೋಣು. ಗ್ರಹಾಂ ಬೆಲ್ ಅದರ ಪೇಟೆಂಟ್ ಮಾಡಿಸಿದ್ದು 1876ರಾಗ. 1893-94ರಾಗ ಆ ಪೇಟೆಂಟಿನ ಅವಧಿ ಮುಗೀತು, ಯಾರು ಬೇಕಾದ್ರೂ ಫೋನಿನ ಕಂಪನಿ ತಗೀಬಹುದಾತು. ಅಮೆರಿಕಾದ ಹಳ್ಳಿ ಒಕ್ಕಲಿಗರು ತಾವೇ ರೊಕ್ಕಾ ಕೂಡಿಸಿ, ಕಂಬಾ ನೆಟ್ಟು ತಂತಿ ಎಳಕೊಂಡ್ರು. ಒಂದೊಂದು ಮನಿಗೆ ಒಂದೊಂದು ತಂತಿ ಎಳಿಯೋದು ತುಟ್ಟಿ. ಅದಕ್ಕ ಒಂದೇ ತಂತಿಗೆ ಎಷ್ಟೋ ಮನಿ. ಗಂಟಿ ಬಾರಿಸಿದ್ರ ಎಲ್ಲಾ ಮನ್ಯಾಗೂ ಬಾರಿಸ್ತದ. ಎರಡು ಉದ್ದ ಒಂದು ಗಿಡ್ಡ ಆದ್ರ ನಿಮ್ಮನಿ, ಒಂದು ಉದ್ದ ಮೂರು ಗಿಡ್ಡ ಆದ್ರ ನಮ್ಮನಿ, ಹಿಂಗ ಗುರ್ತು. ಆದರ ಯಾರ ಗಂಟಿ ಆದ್ರೂ ಯಾರು ಬೇಕಾದ್ರೂ ಫೋನ್ ಎತ್ತಿ ಕಿವಿಗೆ ಹಚ್ಚಬಹುದು. ಮುಂದಿಂದು ನಾ ಹೇಳೋದೇ ಬ್ಯಾಡ, ನಿಮಗ ಗೊತ್ತಾಗಿರಬೇಕು!

ಆಗ ಲ್ಯಾಂಕಾಸ್ಟರಿನ ಕೆಲವು ಆಮಿಶ್ ಮನೀಗೂ ಫೋನು ಬಂದಿತ್ತು. ಅಲ್ಲಿ ಹಿರ್ಯಾರು ಹೇಳಿಕೋತ ಬಂದ ಮಾತು ಹಿಂಗದ. ಇಬ್ಬರು ಹೆಣ್ಣಮಕ್ಕಳು ಫೋನಿನಾಗ ಮೂರನೇಯಾಕಿ ಬಗ್ಗೆ ಆಡಿಕೊಳ್ಳಲಿಕ್ಹತ್ತಿದ್ರು. ಆ ಮೂರನೇಯಾಕಿ ತನ್ನ ಮನ್ಯಾಗ ಫೋನ್ ಎತ್ತಿ ಎಲ್ಲಾ ಕೇಳಿಸಿಕೊಂಡ್ಲು. ಅದು ದೊಡ್ಡ ಜಗಳಾ ಆಗಿ ಸಮಾಜದ ಹಿರ್ಯಾರ ತನಕಾ ಹೋತು. 1910ರ ಸುಮಾರಿಗೆ ಹಿರ್ಯಾರು "ಮನ್ಯಾಗಿನ ಫೋನು ತಗೀಬೇಕು" ಅಂತ ನಿಶ್ಚಯ ಮಾಡಿದ್ರು. ಎಲ್ಲಾರೂ ಹೂಂ ಅನ್ನಲಿಲ್ಲ. ಅದೇ ಹೊತ್ತಿನಾಗ ಒಂದಿಷ್ಟು ಮನೆತನ ಒಡದು ಬ್ಯಾರೆ ಆದವು. ಕಾರಣಾ ಬ್ಯಾರೆ ಬ್ಯಾರೆ ಇದ್ದವು, ಅದರಾಗ ಫೋನೂ ಒಂದು. ಒಂದು ಗಂಟಿ ಪೆಟ್ಟಿಗಿ ಸಲುವಾಗಿ ಸಮಾಜಾ ಒಡೀತು ಅಂದ್ರ ನಮಗ ನಗು ಬರ್ತದ. ಆದರ ನಮ್ಮ ಬಳಗದಾಗ ಗ್ರೂಪಿನಾಗ ಹಾಕಿದ ಒಂದು ಸಾಲಿನ ಸಲುವಾಗಿ ಎರಡು ಮನಿ ಮಾತು ಬಿಟ್ಟದ್ದು ನಾವು ನೋಡಿಲ್ಲೇನು?

ಬರೇ ಚಾಡಿ ಮಾತಿನ ಸಲುವಾಗಿ ಇಷ್ಟೆಲ್ಲಾ ಆತು ಅಂತ ತಿಳೀಬ್ಯಾಡ್ರಿ. ಚಾಡಿ ಏನು, ನೀರಿನ ನಳದ ಹತ್ರನೂ ನಡೀತದ. ಹಿರ್ಯಾರ ಚಿಂತಿ ಬ್ಯಾರೇನೇ ಇತ್ತು. ಈ ಸಾಮಾನು ಮನ್ಯಾಗ ಬಂದ್ರ ಒಬ್ಬರ ಮನಿಗೆ ಒಬ್ಬರು ಹೋಗೋದು ಹೆಚ್ಚಾಗ್ತದೋ ಕಡಿಮಿ ಆಗ್ತದೋ? ಕುದರಿ ಹೂಡಿ ನಾಕು ಮೈಲಿ ಹೋಗಿ ಬಾಣಂತಿನ್ನ ನೋಡಿ ಬರೋದ್ರ ಬದಲಿಗೆ, ಫೋನಿನಾಗ "ಆರಾಮ ಇದ್ದೀಯೇನು" ಅಂದುಬಿಟ್ರ ಮುಗೀತಲ್ಲ? ನಾಕು ದಿನಾ ಹಂಗ ಆದ್ರ ಐದನೇ ದಿನಾ ಕುದರಿ ಹೂಡೋದು ಮರತೇ ಹೋಗ್ತದ. ಹೊಸಾ ಸಾಮಾನು ಬಂದಾಗ ನಾವು ಕೇಳೋದು, "ಇದು ಎಷ್ಟಕ್ಕ ಬಂತು, ಎಷ್ಟು ಕೆಲಸಾ ಉಳಸ್ತದ" ಅಂತ. ಅವರು ಕೇಳಿದ್ದು, "ಇದು ಬಂದ್ರ ನಾವು ಎಂಥಾವ್ರು ಆಗ್ತೀವಿ" ಅಂತ.

ಹಂಗಂತ ಫೋನಿಗೆ ಅವರು ಪಾಪದ ವಸ್ತು ಅನ್ನಲಿಲ್ಲ. ಬಾಜೂ ಮನಿ ಆಮಿಶ್ ಅಲ್ಲದವರ ಫೋನಿನಾಗ ಡಾಕ್ಟರಿಗೆ ಹೇಳಿ ಕಳಸಿದ್ರ ತಪ್ಪಿರಲಿಲ್ಲ. ಬಳಸೋದು ನಡೀತದ, ಮನ್ಯಾಗ ಇಟಗೊಳ್ಳೋದು ನಡಿಯಂಗಿಲ್ಲ. 1930ರ ದಶಕದಾಗ ಕೆಲವು ಮನೆತನದವರು ಹಿರ್ಯಾರ ಕಡೆ ಹೋಗಿ, "ರಾತ್ರಿ ಮಗೂಗೆ ಜ್ವರಾ ಬಂದ್ರ, ಕೊಟ್ಟಿಗ್ಯಾಗ ಬೆಂಕಿ ಬಿದ್ರ ಏನು ಮಾಡೂಣು?" ಅಂತ ಕೇಳಿದ್ರು. ಆಗ ಹಿರ್ಯಾರು ಒಂದು ದಾರಿ ತಗದ್ರು. ನಾಕಾರು ಮನಿ ಕೂಡಿ ಒಂದು ಫೋನು ಹಾಕಿಸಿಕೋರ್ರಿ, ಆದರ ಅದು ಯಾರ ಮನ್ಯಾಗೂ ಇರಬಾರದು. ಓಣಿ ತುದೀಗೆ, ಹೊಲದ ಬದುವಿಗೆ ಒಂದು ಗುಡಸಲಾ ಕಟ್ಟಿ ಅಲ್ಲಿಡ್ರಿ. ನಂಬರು ಡೈರೆಕ್ಟರ್ಯಾಗ ಬರಬಾರದು. ದೂರಕ್ಕ ಕೇಳಸೋ ದೊಡ್ಡ ಗಂಟಿ ಇರಬಾರದು. ನಮಗ ಬೇಕಾದಾಗ ನಾವು ಅದರ ಹತ್ರ ಹೋಗಬೇಕು, ಅದು ನಮ್ಮನ್ನ ಊಟದ ಮಣಿ ಮ್ಯಾಲಿಂದ ಎಬ್ಬಸಬಾರದು. ನನ್ನ ತಂಗಿ ಮಗಳು ಕಳಿಸಿದ ಫೋಟೋದಾಗಿನ ಗುಡಸಲದ ಹಿಂದಿನ ಕಥಿ ಇದು.

ಇಲ್ಲಿ ಒಂದು ಮಾತು ಹೇಳಿಬಿಡ್ತೀನಿ, ಇಲ್ಲಂದ್ರ ನಾ ಅವರ ಭಜನಿ ಮಾಡಲಿಕ್ಹತ್ತೀನಿ ಅಂತೀರಿ. ಅವರದೆಲ್ಲಾ ನನಗ ಪಸಂದ ಇಲ್ಲ. ಅವರ ಮಕ್ಕಳು ಎಂಟನೇತ್ತಾಕ್ಕ ಶಾಳೆ ಬಿಡ್ತಾರ. ಅದು ಕೋರ್ಟಿಗೆ ಹೋಗಿ, 1972ರಾಗ ಅಮೆರಿಕಾದ ಸುಪ್ರೀಂ ಕೋರ್ಟು "ಅವರ ಧರ್ಮದ ಪ್ರಕಾರ ನಡೀಲಿ" ಅಂತ ಒಪ್ಪಿಕೊಂಡದ. ಪಿಯುಸಿ ಮುಗಿಸಿ ಮುಂದ ಓದಬೇಕಂತ ಎಷ್ಟು ಆಸೆ ಇತ್ತು ಅನ್ನೋದು ನನಗ ಗೊತ್ತದ, ಹಿಂಗಾಗಿ ಆ ಮಾತಿಗೆ ನಾ ಒಪ್ಪಂಗಿಲ್ಲ. ದೀಕ್ಷಾ ತಗೊಂಡಾಕಿ ಆಮ್ಯಾಲೆ ನಿಯಮಾ ಮುರದ್ರ ಅಕಿನ್ನ ಸಮಾಜಾ ದೂರ ಇಡ್ತದ, ಅದೂ ಕಠಿಣಾನೇ. ಆದರ ಅಕ್ಕಿ ಆರಿಸೋವಾಗ ಕಲ್ಲು ತಗದು ಅಕ್ಕಿ ಇಟಗೊಳ್ಳಂಗಿಲ್ಲೇನು? ಆ ಗುಡಸಲದ ವಿಚಾರಾ ನಾ ಇಟಗೊಂಡೀನಿ.

ಇಟಗೊಂಡ ಮ್ಯಾಲೆ ನನಗ ಹೊಳದದ್ದು ಏನಂದ್ರ, ಆ ಗುಡಸಲಾ ನಮ್ಮಲ್ಲೂ ಇತ್ತು! ಯಾರೂ ನಿಯಮಾ ಮಾಡಿರಲಿಲ್ಲ, ಬಡತನಾ ಮಾಡಿತ್ತು ಅಷ್ಟೇ. ನಿಮ್ಮ ಲಗ್ನಪತ್ರಿಕಿ ತಗದು ನೋಡ್ರಿ. ಕೆಳಗ ಫೋನ್ ನಂಬರು, ಅದರ ಬಾಜೂಕ ಪಿ.ಪಿ. ಅಂತ ಇರ್ತಿತ್ತು. ಅಂದ್ರ ಫೋನು ನಮ್ಮದಲ್ಲ, ಬಾಜೂ ಮನೀದು, ಕರದು ಕೊಡ್ತಾರ ಅಂತ ಅರ್ಥ. ಫೋನಿಗೆ ಅರ್ಜಿ ಹಾಕಿದ್ರ ವರ್ಷಗಟ್ಟಲೆ ಕಾಯಬೇಕಿತ್ತಲ್ಲ, ಹಿಂಗಾಗಿ ಓಣಿಗೊಂದು ಎರಡು ಫೋನು. ನಮ್ಮವ್ವ ತವರಿನಿಂದ ಮಾಡಿದ್ರ ಬಾಜೂ ಮನಿ ಕಾಕು ಕಿಡಕಿಯಿಂದ ಕೂಗ್ತಿದ್ರು. ಹೋದವ್ರು ಬರೇ ಮಾತಾಡಿ ಬರ್ತಿರಲಿಲ್ಲ. ಚಾ ಆಗ್ತಿತ್ತು, ಕಾಕು ಮೊಣಕಾಲ ಬ್ಯಾನಿ ವಿಚಾರಸೋದು ಆಗ್ತಿತ್ತು, ಬರೋವಾಗ ಒಂದು ವಾಟಗಾ ಮೊಸರಿನ ಹೆಪ್ಪು ತರೋದೂ ಆಗ್ತಿತ್ತು. ಆಮ್ಯಾಲೆ ಹಳದಿ ಬಣ್ಣದ ಎಸ್‌ಟಿಡಿ ಬೂತು ಬಂದವು. ರಾತ್ರಿ ಹನ್ನೊಂದರ ಮ್ಯಾಲೆ ಕಾಲು ದರ ಅಂತ ಊಟಾ ಮುಗಿಸಿ ಹೋಗಿ ಪಾಳಿ ಹಚ್ಚತಿದ್ವಿ. ಪಾಳ್ಯಾಗ ನಿಂತವರದೆಲ್ಲಾ ಸುದ್ದಿ ತಿಳೀತಿತ್ತು. ಯಾರ ಮಗಳು ಹಡದಳು, ಯಾರ ಮಗನ ನೌಕರಿ ಆತು.

ಟಿ.ವಿ.ನೂ ಹಂಗೇ ಬಂತು. 1975ರ ಆಗಸ್ಟ್ 1ರಿಂದ 1976ರ ಜುಲೈ 31ರ ತನಕಾ ನಮ್ಮ ದೇಶದಾಗ ಒಂದು ಪ್ರಯೋಗ ನಡೀತು. ಅಮೆರಿಕಾದ ನಾಸಾದವರ ಎಟಿಎಸ್-6 ಅನ್ನೋ ಉಪಗ್ರಹ ಒಂದು ವರ್ಷದ ಮಟ್ಟಿಗೆ ಕಡಾ ತಗೊಂಡು, ಆರು ರಾಜ್ಯದ ಸುಮಾರು 2400 ಹಳ್ಳಿಗೆ ಟಿ.ವಿ. ತೋರಿಸಿದ್ರು. ನಮ್ಮ ರಾಜ್ಯದಾಗ ವಿಜಾಪುರ, ಗುಲಬರ್ಗಾ, ರಾಯಚೂರು ಜಿಲ್ಲಾ. ಬೆಂಗಳೂರಿಗೆ ದೂರದರ್ಶನ ಬಂದದ್ದು 1981ರಾಗ, ಅದಕ್ಕೂ ಮೊದಲ ನಮ್ಮ ಬಿಸಲನಾಡಿನ ಹಳ್ಳಿಗೆ ಬಂದಿತ್ತು ನೋಡ್ರಿ! ಊರಿಗೊಂದೇ ಟಿ.ವಿ., ಅದು ಪಂಚಾಯ್ತಿ ಇಲ್ಲಾ ಶಾಳ್ಯಾಗ. ನಮ್ಮ ಅತ್ತೆಯವರು ವಿಜಾಪುರ ಜಿಲ್ಲಾದವರು. ಅವರು ಹೇಳ್ತಿದ್ರು, ಸಂಜಿ ರೊಟ್ಟಿ ಲಗೂ ಬಡದಿಟ್ಟು, ಚಾಪಿ, ಹುರದ ಶೇಂಗಾ ತಗೊಂಡು ಹೋಗತಿದ್ರಂತ. ಸೊಸ್ಯಾರು ಮನಿ ಹೊರಗ ಬಂದು ನಾಕು ಮಂದಿ ಜೋಡಿ ಕೂಡಲಿಕ್ಕೆ ಅದೊಂದು ನೆವಾ. ಟಿ.ವಿ.ದಾಗ ಏನು ತೋರಿಸಿದ್ರು ಅನ್ನೋದು ಅತ್ತೆಯವರಿಗೆ ಅಷ್ಟು ನೆನಪಿರಲಿಲ್ಲ. ಬಾಜೂಕ ಯಾರು ಕೂತಿದ್ರು ಅನ್ನೋದು ಛಂದ ನೆನಪಿತ್ತು.

1987ರ ಜನವರಿಯಿಂದ ರವಿವಾರ ಮುಂಜಾನೆ ರಾಮಾಯಣ ಶುರು ಆದಾಗ ಟಿ.ವಿ. ಪಡಸಾಲಿಗೆ ಬಂದಿತ್ತು. ಆದರೂ ಅರ್ಧಾ ಓಣಿ ಒಂದೇ ಪಡಸಾಲ್ಯಾಗ ಕೂಡತಿತ್ತು. ಮುಂದ ಕೇಬಲ್ ಬಂತು, ಟಿ.ವಿ. ಕೋಲಿಗೊಂದು ಆತು. 1995ರ ಜುಲೈ 31ಕ್ಕ ದೇಶದ ಮೊದಲನೇ ಮೊಬೈಲ್ ಕರಿ ಮಾಡಿದ್ರು, ಕೋಲ್ಕತ್ತಾದಿಂದ ಜ್ಯೋತಿ ಬಸು ಅವರು ದಿಲ್ಲ್ಯಾಗಿನ ಸುಖರಾಂ ಅವರಿಗೆ. ಅವತ್ತಿನಿಂದ ಫೋನು ಕಿಸೇಕ್ಕ ಬಂತು. 2016ರ ಮ್ಯಾಲೆ ಡಾಟಾ ಅಗ್ಗ ಆಗಿ, ಟಿ.ವಿ., ಫೋನು, ಪೋಸ್ಟು, ಪೇಟಿ ಎಲ್ಲಾ ಒಂದೇ ಕಿಸೆದಾಗ ಕೂತವು. ಕಟ್ಟಿಯಿಂದ ಪಡಸಾಲಿ, ಪಡಸಾಲಿಯಿಂದ ಕೋಲಿ, ಕೋಲಿಯಿಂದ ತಲಿದಿಂಬಿನ ಕೆಳಗ. ಐವತ್ತು ವರ್ಷದಾಗ ಈ ಸಾಮಾನು ನಮ್ಮ ಕಡೆ ಒಂದೊಂದೇ ಹೆಜ್ಜಿ ನಡಕೋತ ಬಂತು. ಅದು ಒಂದು ಹೆಜ್ಜಿ ಹತ್ರ ಬಂದಂಗ ಮನಿಷಾ ಒಂದು ಹೆಜ್ಜಿ ದೂರ ಸರದ. "ಇಲ್ಲೇ ನಿಂದ್ರು" ಅಂತ ನಾವು ಯಾವ ಬಾಗಲದಾಗೂ ಹೇಳಲಿಲ್ಲ.

ದೂರ ಸರದದ್ದು ಹೆಂಗಿರ್ತದ ಅಂತ ಹೇಳ್ತೀನಿ. ನಮ್ಮ ದೂರದ ಬಳಗದಾಗ ಒಬ್ಬ ಮಾಂಶಿ ಇದ್ದಾರ, ಎಂಬತ್ತರ ಹತ್ರ ವಯಸ್ಸು, ಒಬ್ಬರೇ ಇರ್ತಾರ. ಮಕ್ಕಳು ಛಲೋ ಫೋನು ಕೊಡಿಸ್ಯಾರ. ದಿನಾ ಮುಂಜಾನೆ ಅದಕ್ಕ ಮೂವತ್ತು ನಲವತ್ತು ಶುಭೋದಯ ಬರ್ತಾವ. ಗುಲಾಬಿ ಹೂವು, ಗಣಪತಿ, ಸೂರ್ಯ ಹುಟ್ಟೋದು. ಒಂದು ಮಳಿಗಾಲದಾಗ ಅವರಿಗೆ ಜ್ವರಾ ಬಂದು ನಾಕು ದಿನಾ ಹಾಸಿಗಿ ಹಿಡದ್ರು. ಬಂದ ಹೂವಿಗೆಲ್ಲಾ ಮಲಕೊಂಡಲ್ಲೇ ಕೈ ಜೋಡಿಸಿದ ಚಿತ್ರಾ ಒತ್ತಿ ಕಳಿಸಿದ್ರು, ಕಳಸದಿದ್ರ ಮಂದಿ ಗಾಬರಿ ಆಗ್ತಾರ ಅಂತ. ಹಿಂಗಾಗಿ ನಲವತ್ತೂ ಮಂದಿಗೆ ಅವರು ಆರಾಮ ಇದ್ದಂಗೇ ಕಂಡರು. ಗೊತ್ತಾದದ್ದು ಯಾರಿಗೆ ಅಂದ್ರ ಹಾಲಿನಾಕಿಗೆ. ಬಾಗಲದಾಗ ಹಿಂದಿನ ದಿನದ ಪಾಕೀಟು ಹಂಗೇ ಬಿದ್ದದ್ದು ನೋಡಿ ಕದಾ ಬಡದ್ಲು, ಒಳಗ ಹೋದ್ಲು, ಗಂಜಿ ಮಾಡಿ ಕುಡಿಸಿ ಮಗನಿಗೆ ಫೋನ್ ಹಚ್ಚಿದ್ಲು. ಆಮ್ಯಾಲೆ ಮಾಂಶಿ ನನ್ನ ಮುಂದ ಅಂದದ್ದು ಇಷ್ಟೇ: "ಫೋನಿನಾಗ ಎಲ್ಲಾರೂ ಇದ್ರವಾ. ಹಣಿ ಮುಟ್ಟಿ ನೋಡಿದಾಕಿ ಅಕಿ ಒಬ್ಬಾಕಿನೇ."

1910ರಾಗ ಆ ಹಿರ್ಯಾರು ಹೆದರಿದ್ದು ಇದಕ್ಕೇ. ಆದರ ನೋಡ್ರಿ, ಮಗನಿಗೆ ಸುದ್ದಿ ಮುಟ್ಟಿಸಿದ್ದೂ ಫೋನೇ. ಕೊರೊನಾ ಕಾಲದಾಗ ನಮ್ಮ ಮಕ್ಕಳ ಮುಖಾ ತೋರಿಸಿದ್ದೂ ಅದೇ. ಅದಕ್ಕೇ ನಾ ಫೋನು ಕೆಟ್ಟದ್ದು ಅನ್ನಂಗಿಲ್ಲ. ಅದು ಕೂಡೋ ಜಾಗಾ ಯಾವುದು ಅಂತ ಅಷ್ಟೇ ಕೇಳ್ತೀನಿ. ಆಮಿಶ್ ಜನರಿಗೂ ಈಗ ಇದೇ ತ್ರಾಸಾಗೇದ. ಗ್ವಾಡಿ ಫೋನಿಗೆ ಗುಡಸಲಾ ಕಟ್ಟಿದ್ರು, ಕಿಸೆದಾಗಿನ ಫೋನಿಗೆ ಎಲ್ಲಿ ಗುಡಸಲಾ ಕಟ್ಟೋದು? ಹುಡುಗ್ರು ಬಚ್ಚಿಟ್ಟುಕೊಂಡು ಓಡ್ಯಾಡ್ತಾರ. ಅಲ್ಲೂ ಆ ಚರ್ಚಾ ಮುಗದಿಲ್ಲ.

ಆದರ ನಮ್ಮ ಗಡಿ ಆಚೇನೇ, ಸಾಂಗ್ಲಿ ಜಿಲ್ಲಾದಾಗ, ಒಂದು ಊರಿನವರು ಇದಕ್ಕ ಬ್ಯಾರೆ ದಾರಿ ಹುಡಿಕ್ಯಾರ. ಊರಿನ ಹೆಸರು ಮೋಹಿತ್ಯಾಂಚೆ ವಡಗಾಂವ್, ಸುಮಾರು 3000 ಜನಾ. ಒಕ್ಕಲುತನಾ, ಸಕ್ಕರಿ ಕಾರಖಾನಿ ಕೆಲಸಾ. ಕೊರೊನಾದಾಗ ಶಾಳೆ ಮುಚ್ಚಿ ಮಕ್ಕಳ ಕೈಗೆ ಬಂದ ಮೊಬೈಲು, ಶಾಳೆ ತಗದ ಮ್ಯಾಲೂ ಕೈ ಬಿಡಲಿಲ್ಲ. ಪಂಚಾಯ್ತಿಯವರು "ದಿನಾ ಒಂದಿಷ್ಟು ಹೊತ್ತು ಎಲ್ಲಾ ಬಂದ್ ಮಾಡೂಣು" ಅಂದ್ರ ಗಂಡಸರು ನಕ್ಕರು. ಆಗ ಹೆಣ್ಣಮಕ್ಕಳನ್ನ ಕೂಡಿಸಿ ಕೇಳಿದ್ರು. ಅವರು, ಹೌದು, ನಮ್ಮದೂ ಸೀರಿಯಲ್ ಹುಚ್ಚು ಅತಿ ಆಗೇದ, ಊರಿಗೆ ಊರೇ ಬಂದ್ ಮಾಡೂಣು ಅಂತ ಒಪ್ಪಿದ್ರು. 2022ರ ಆಗಸ್ಟ್ 14ಕ್ಕ ಸಭಾ ಆತು, ಮರುದಿನಾ ಸ್ವಾತಂತ್ರ್ಯ ದಿನದಿಂದ ಶುರು. ಸಂಜಿ 7ಕ್ಕ ಗುಡಿ ಮ್ಯಾಲಿನ ಸೈರನ್ ಕೂಗ್ತದ, ಟಿ.ವಿ., ಮೊಬೈಲು ಬಂದ್. 8:30ಕ್ಕ ಮತ್ತ ಕೂಗ್ತದ, ಚಾಲೂ. ಆಶಾ ಕಾರ್ಯಕರ್ತ್ಯಾರು, ಅಂಗನವಾಡಿಯವರು, ನಿವೃತ್ತಿ ಆದ ಮಾಸ್ತರು ಮನಿ ಮನಿಗೆ ಹೋಗಿ ತಿಳಿಸಿ ಹೇಳಿದ್ರು.

ಲ್ಯಾಂಕಾಸ್ಟರಿನವರು ಜಾಗಾ ಗೊತ್ತು ಮಾಡಿದ್ರು, ವಡಗಾಂವದವರು ಹೊತ್ತು ಗೊತ್ತು ಮಾಡಿದ್ರು. ಎರಡರಾಗೂ ಒಂದೇ ಮಾತು ಅದ, ಎಲ್ಲಾರೂ ಕೂಡಿ ಮಾಡಿದ್ರು. ಮನ್ಯಾಗ ತಾಯಿ ಒಬ್ಬಾಕಿನೇ "ಫೋನ್ ಇಡು" ಅಂದ್ರ ಅಕಿ ರಾಕ್ಷಸಿ. ಒಬ್ಬ ಸೊಸಿ ಗ್ರೂಪಿನಿಂದ ಹೊರಗ ಬಂದ್ರ ಅಕಿಗೆ ಸೊಕ್ಕು. ಸೈರನ್ ಕೂಗಿದ್ರ ಯಾರ ಮ್ಯಾಲೂ ಸಿಟ್ಟು ಮಾಡಲಿಕ್ಕೆ ಬರಂಗಿಲ್ಲ. ಮತ್ತ ಇನ್ನೊಂದು, ನಾ ಒಬ್ಬಾಕಿ ಫೋನ್ ಇಟ್ಟು ಕಟ್ಟಿ ಮ್ಯಾಲೆ ಕೂತ್ರ ಮಾತಾಡಲಿಕ್ಕೆ ಯಾರಿರ್ತಾರ? ಬಾಜೂಕಿನಾಕಿನೂ ಇಟ್ಟು ಬಂದ್ರನೇ ಕಟ್ಟಿಗೆ ಅರ್ಥ.

ಅದಕ್ಕ ನನ್ನದೊಂದು ಸೂಚನಾ ಅದ. ಬರೋ ನವರಾತ್ರಿ ಒಂಬತ್ತು ದಿನಾ, ನಮ್ಮ ಓಣಿ ಮನಿಗಳು, ಬಳಗದಾಗ ಮನಸ್ಸಿದ್ದವರು, ಸಂಜಿ 7ರಿಂದ 8 ಫೋನನ್ನ ಬಾಗಲ ಹತ್ರ ಒಂದು ಬುಟ್ಟ್ಯಾಗ ಇಡೂಣು. ಗಂಟಿ ಬಂದ್ ಮಾಡೋದು ಬ್ಯಾಡ, ಪರದೇಶದಾಗ ಮಕ್ಕಳಿದ್ದಾರ, ಮನ್ಯಾಗ ವಯಸ್ಸಾದವರಿದ್ದಾರ. ಕರಿ ಬಂದ್ರ ಎದ್ದು ಹೋಗಿ, ಅಲ್ಲೇ ಬಾಗಲದಾಗ ನಿಂತು ಮಾತಾಡಿ, ಮತ್ತ ಬುಟ್ಟ್ಯಾಗಿಟ್ಟು ಬರೋದು. ಅದೇ ನಮ್ಮ ಗುಡಸಲಾ. ಗಂಡಸರು ನಕ್ಕರ ನಗಲಿ, ವಡಗಾಂವದಾಗೂ ನಕ್ಕಿದ್ರು.

ಎರಡನೇದು, ಅರಿಷಿಣ-ಕುಂಕುಮಕ್ಕ ಈ ಸಲ ಮೊಬೈಲಿನಾಗ ಕಾರ್ಡ್ ಕಳಸೋದು ಬ್ಯಾಡ. ಮೊದಲ ಕುಂಕುಮದ ಭರಣಿ ಹಿಡಕೊಂಡು ಮನಿ ಮನಿಗೆ ಹೋಗಿ ಕರೀತಿದ್ವಲ್ಲ, ಹಂಗ ಹೋಗೂಣು. ಹೊಸಾ ಸೊಸ್ಯಾರನ್ನ ಕರಕೊಂಡು ಹೋಗೂಣು. ನಾನು ಮದವ್ಯಾಗಿ ಬಂದ ವರ್ಷ ಈ ಓಣಿ ಮಂದಿನ್ನೆಲ್ಲಾ ಗುರ್ತು ಹಿಡದದ್ದು ಅತ್ತೆಯವರ ಬೆನ್ನ ಹಿಂದ ಹಂಗ ಕರೀಲಿಕ್ಕೆ ಹೋಗೇ. ಕರಿಯೋ ನೆವದಾಗ ಹೊಸ್ತಿಲಾ ದಾಟತೀವಿ, ಹೊಸ್ತಿಲಾ ದಾಟಿದ್ರ ಒಳಗ ಯಾರು ಮಲಕೊಂಡಾರ, ಯಾರ ಮುಖಾ ಸಪ್ಪಗಾಗೇದ ಅಂತ ಕಾಣಸ್ತದ. ಕಾರ್ಡಿನಾಗ ಅದು ಕಾಣಸಂಗಿಲ್ಲ.

ಇದು ಆಗ್ತದೋ ಇಲ್ಲೋ ಅಂತ ಬುಟ್ಟಿ ಲೆಕ್ಕಾ ಹಾಕೂಣು. ನಮ್ಮ ಮನೀದು ಒಂದು ಹಿಡೀರಿ, ಎದುರ ಮನಿ ವೈನಿಯವರು ಹೂಂ ಅಂದಾರ, ಎರಡಾದವು. ಉಳದವರು ಹೇಳೋದೇನಿದ್ರೂ ಸಂಜಿ ಮುಂದ ಮನೀಗೇ ಬಂದು ಹೇಳ್ರಿ. ಅವಲಕ್ಕಿ ಹಚ್ಚಿಟ್ಟಿರ್ತೀನಿ.